ನಡೆದರೆ ಮೀನಖಂಡ ನೋವು, ಸ್ಟೆಂಟ್ ಹಾಕಿಸಲೇಬೇಕಾ?

ಪ್ರಶ್ನೆ: ಡಾಕ್ಟ್ರೇ, ಅಪ್ಪನಿಗೆ 63 ವರ್ಷ. ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಿದ್ದರು. ತುಂಬಾ ವರ್ಷದಿಂದ ಬೀಡಿ ಸೇದುತ್ತಾರೆ, ಶುಗರ್ ಕೂಡ ಇದೆ. ಸ್ವಲ್ಪ ದೂರ ನಡೆದರೆ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಹೋಗುತ್ತದೆ. ಗಾಯ ಇಲ್ಲ. ಸ್ಕ್ಯಾನ್‌ನಲ್ಲಿ ತೊಡೆಯ ರಕ್ತನಾಳ ಬ್ಲಾಕ್ ಆಗಿದೆ ಅಂದಿದ್ದಾರೆ. ಕೂಡಲೇ ಸ್ಟೆಂಟ್ ಹಾಕಿಸದಿದ್ದರೆ ಕಾಲು ಹೋಗುತ್ತದಾ?
– ಓದುಗರೊಬ್ಬರು, ಉಡುಪಿ

ಉತ್ತರ: ನಡೆದಾಗ ಮಾತ್ರ ನೋವು ಬರುವವರಲ್ಲಿ ಹೆಚ್ಚಿನವರು ಕಾಲು ಕಳೆದುಕೊಳ್ಳುವುದಿಲ್ಲ. ಹಾಗಾಗಿ ಸ್ಟೆಂಟ್‌ಗೆ ಅವಸರ ಬೇಡ. ನನಗೆ ಜಾಸ್ತಿ ಚಿಂತೆ ಇರುವುದು ಅವರ ಹೃದಯದ ಬಗ್ಗೆ, ಯಾಕಂದ್ರೆ ಕಾಲಿನ ರಕ್ತನಾಳದಲ್ಲಿ ಕೊಬ್ಬು ಕಟ್ಟಿದೆ ಅಂದರೆ ಹೃದಯದ, ಮೆದುಳಿನ ರಕ್ತನಾಳಗಳಲ್ಲೂ ಕಟ್ಟಿರುವ ಸಾಧ್ಯತೆ ಇರುತ್ತದೆ. ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್, ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್ ಕೊಟ್ಟಿದ್ದರೆ ನೋವು ಕಡಿಮೆಯಾಯಿತು ಅಂತ ಸುಮ್ನೆ ನಿಲ್ಲಿಸಬೇಡಿ.

ಬೀಡಿ ಪೂರ್ತಿ ಬಿಡಬೇಕು. ದಿನಕ್ಕೆ ಎರಡೇ ಅಂದರೂ ಬೇಡ. ಬೀಡಿ ಸೇದುತ್ತಾ ಇದ್ದರೆ ಹಾಕಿದ ಸ್ಟೆಂಟೂ ಮತ್ತೆ ಮುಚ್ಚಿಕೊಳ್ಳಬಹುದು.

ಇನ್ನೊಂದು ಒಳ್ಳೆಯ ಮದ್ದು ನಡಿಗೆಯೇ. ನೋವಿರುವ ಕಾಲಲ್ಲಿ ನಡೆಯುವುದಾ ಅಂತ ಮನೆಯವರು ತಡೆಯುತ್ತಾರೆ, ಅಲ್ವಾ? ತಡೆಯಬೇಡಿ. ಬೀಚ್ ಬದಿಯ ಸಮತಟ್ಟು ರಸ್ತೆಯಲ್ಲಿ ಕರೆದುಕೊಂಡು ಹೋಗಿ. ನೋವು ಶುರುವಾಗಿ ಸ್ವಲ್ಪ ಜೋರಾಗುವವರೆಗೆ ನಡೆಯಲಿ, ಆಮೇಲೆ ಒಂದು ಕಂಬಕ್ಕೆ ಒರಗಿ ನಿಲ್ಲಲಿ, ನೋವು ಪೂರ್ತಿ ಇಳಿದ ಮೇಲೆ ಮತ್ತೆ ಹೊರಡಲಿ. ಹೀಗೆ 30ರಿಂದ 45 ನಿಮಿಷ, ವಾರಕ್ಕೆ ಮೂರು ದಿನವಾದರೂ, ಕನಿಷ್ಠ 12 ವಾರ. ನಿಲ್ಲದೆ ಎಷ್ಟು ಲೈಟ್ ಕಂಬ ದಾಟಿದರು ಅಂತ ಚೀಟಿಯಲ್ಲಿ ಬರೆದಿಡಿ, ನಮಗೂ ಅದು ಬೇಕು. ಮಳೆ ಜೋರಿದ್ದ ದಿನ ಜಗಲಿಯಲ್ಲೇ ನಡೆದರೂ ಆದೀತು. ಮೊದಲು ಒಮ್ಮೆ ಹೃದಯ ತೋರಿಸಿಕೊಳ್ಳಿ. ಸಿಲೋಸ್ಟಝೋಲ್ ಮಾತ್ರೆಯೂ ನಡೆಯುವ ದೂರ ಹೆಚ್ಚಿಸುತ್ತದೆ, ಆದರೆ ಹಾರ್ಟ್ ಫೇಲ್ಯೂರ್ (ಹೃದಯದ ಪಂಪ್ ಮಾಡುವ ಶಕ್ತಿ ಕುಂದಿರುವುದು) ಇದ್ದವರಿಗೆ ಅದು ಆಗದು.

ಇಷ್ಟೆಲ್ಲ ಮಾಡಿಯೂ ದಿನದ ಕೆಲಸಕ್ಕೆ ತೊಂದರೆ ಆಗುತ್ತಿದ್ದರೆ ಆಗ ಬ್ಲಾಕ್ ಆದ ಜಾಗವನ್ನು ಬಲೂನ್‌ನಿಂದ ಹಿಗ್ಗಿಸುವುದು, ಸ್ಟೆಂಟ್ ಹಾಕುವುದು ಯೋಚಿಸೋಣ. ಬ್ಲಾಕ್ ಚಿಕ್ಕದಿದ್ದರೆ ಅದೇ ಸುಲಭ. ಉದ್ದ ಬ್ಲಾಕ್ ಇದ್ದರೆ ಅವರದ್ದೇ ಕಾಲಿನ ಸಿರೆ ಬಳಸಿ ಬೈಪಾಸ್ ಮಾಡಬಹುದು. ಆಪರೇಷನ್ ದೊಡ್ಡದು, ಆದರೆ ಸಿರೆ ಚೆನ್ನಾಗಿದ್ದರೆ ಬಾಳಿಕೆಯೂ ಒಳ್ಳೆಯದು.

ಒಂದು ವಿಷಯ ಡಾಕ್ಟರನ್ನು ಕೇಳಿ. ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದಾಗ 0.9 ಅಥವಾ ಕಡಿಮೆ ಬಂದರೆ ಬ್ಲಾಕ್ ಅಂತ ಲೆಕ್ಕ. ಶುಗರ್ ಇದ್ದವರಲ್ಲಿ ರಕ್ತನಾಳ ಗಟ್ಟಿಯಾಗಿ ಈ ಲೆಕ್ಕ ತಪ್ಪಬಹುದು. ಅಂಥವರಿಗೆ ಕಾಲಿನ ಹೆಬ್ಬೆರಳಿನ ಪ್ರೆಶರ್ ನೋಡಬೇಕು, ಅದನ್ನು ನೋಡಿದ್ದಾರಾ ಅಂತ ಕೇಳಿ.

ಪಾದವನ್ನು ದಿನಾ ನೋಡಿ, ಬೆರಳ ಸಂದಿಯನ್ನೂ. ಬಿಸಿನೀರಲ್ಲಿ ಕಾಲು ಅದ್ದುವುದು ಬೇಡ. ದೇವಸ್ಥಾನದ ಅಂಗಳದಲ್ಲಿ ಮಧ್ಯಾಹ್ನ ಕಾದ ಕಲ್ಲಿನ ಮೇಲೆ ಬರಿಗಾಲೂ ಬೇಡ, ಶುಗರ್‌ನಿಂದ ಪಾದ ಮರಗಟ್ಟಿದ್ದರೆ ಸುಟ್ಟದ್ದು ಗೊತ್ತೇ ಆಗುವುದಿಲ್ಲ. ಮಲಗಿದಾಗ ಪಾದ ನೋಯುವುದು, ಗಾಯ ಮಾಯದಿರುವುದು, ಬೆರಳು ಕಪ್ಪಾಗುವುದು ಕಂಡರೆ ನಾನು ಮೇಲೆ ಹೇಳಿದ ‘ಅವಸರ ಬೇಡ’ ಅನ್ವಯಿಸುವುದಿಲ್ಲ, ತಡಮಾಡದೆ ತೋರಿಸಿ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ಜೋರು ನೋವು ಬಂದರೆ ಅರ್ಧರಾತ್ರಿಯಾದರೂ ಹೊರಡಿ. ಉಳಿಸಿಕೊಳ್ಳಲು ಸುಮಾರು 6 ಗಂಟೆಯಷ್ಟೇ ಸಮಯ ಇರುತ್ತದೆ.