ಜೋಡಿ ಎಂದು ಕೊಟ್ಟ ರಾಮ್ ಮೀನುಗಳು ಮೊಟ್ಟೆ ಇಡುತ್ತವೆ, ಮರಿ ಆಗುವುದಿಲ್ಲ. ಯಾಕೆ?

ನಿಮ್ಮ ಹತ್ತಿರ ಇರುವುದು ಎರಡೂ ಹೆಣ್ಣೇ ಇರಬಹುದು. ಬೇಜಾರು ಮಾಡಿಕೊಳ್ಳಬೇಡಿ, ನನಗೂ ಹೀಗೇ ಆಗಿತ್ತು.

ನೀವು ಬರೆದಿರುವುದು ಇಷ್ಟು: ಎರಡು ಅಡಿ ಟ್ಯಾಂಕ್, ಬೆಂಗಳೂರಿನ ಬೋರ್ ನೀರು, ಅಂಗಡಿಯವರು ಜೋಡಿ ಎಂದು ಕೊಟ್ಟ ಎರಡು ಜರ್ಮನ್ ಬ್ಲೂ ರಾಮ್ (ರಾಮ್ ಎಂಬ ಸಣ್ಣ ಅಕ್ವೇರಿಯಂ ಮೀನಿನ ಒಂದು ತಳಿ). ನಾಲ್ಕು ತಿಂಗಳಲ್ಲಿ ಮೂರು ಸಲ ಕಲ್ಲಿನ ಮೇಲೆ ಮೊಟ್ಟೆ ಇಟ್ಟಿವೆ. ಮೂರು ಸಲವೂ ಮಾರನೇ ದಿನಕ್ಕೆ ಎಲ್ಲ ಬೆಳ್ಳಗಾಗಿವೆ. ಗಂಡು ಯಾವುದು, ಹೆಣ್ಣು ಯಾವುದು ಗೊತ್ತಾಗುತ್ತಿಲ್ಲ.

ನನ್ನ ಮೊದಲ 'ಜೋಡಿ' ಏಳು ತಿಂಗಳು ಸಂಸಾರ ಮಾಡಿತು. ಒಟ್ಟಿಗೆ ಕಲ್ಲು ಉಜ್ಜುವುದು, ಬೇರೆ ಮೀನು ಹತ್ತಿರ ಬಂದರೆ ಅಟ್ಟಿಸಿಕೊಂಡು ಹೋಗುವುದು, ಎಲ್ಲ ಸರಿಯಾಗಿತ್ತು. ಒಂದು ಸಂಜೆ ಟ್ಯಾಂಕಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಒಂದು ಮೀನು ಕಲ್ಲಿಗೆ ಹೊಟ್ಟೆ ತಾಗಿಸಿಕೊಂಡು ನಿಧಾನಕ್ಕೆ ಮುಂದೆ ಸರಿಯಿತು. ಹಿಂದೆ ಐದಾರು ಮೊಟ್ಟೆ ಸಾಲಾಗಿ ಅಂಟಿಕೊಂಡವು, ಸಾಸಿವೆಗಿಂತ ಸಣ್ಣವು. ಅದು ಪಕ್ಕಕ್ಕೆ ಸರಿದ ಮೇಲೆ ಇನ್ನೊಂದು ಬಂತು. ಗಂಡಾಗಿದ್ದರೆ ಆ ಮೊಟ್ಟೆಗಳ ಮೇಲೆ ಸುಮ್ನೆ ಹಾದು ಹೋಗಬೇಕು, ಫಲ ಕಟ್ಟುವುದು ಆಗಲೇ. ಇದೂ ಹಾದು ಹೋಯಿತು. ಆದರೆ ಹಿಂದೆ ನೋಡಿದರೆ ಇನ್ನೊಂದು ಸಾಲು ಮೊಟ್ಟೆ! ನಾನು ನಕ್ಕಿದ್ದು ಕೇಳಿ ಅಡುಗೆಮನೆಯಿಂದ ಅಮ್ಮ ಬಂದು ನೋಡಿದರು.

ಗಂಡಿಲ್ಲದಿದ್ದರೆ ಎರಡು ಹೆಣ್ಣು ರಾಮ್‌ಗಳು ಜೋಡಿಯಂತೆ ನಡೆದುಕೊಳ್ಳುವುದು ಅಪರೂಪವೇನಲ್ಲ. ಹಾಗಾಗಿ 'ಮೊಟ್ಟೆ ಇಟ್ಟಿವೆ, ಅಂದರೆ ಜೋಡಿಯೇ' ಎಂಬ ಲೆಕ್ಕ ನಂಬಬೇಡಿ.

ಗುರುತಿಸುವುದು ಹೇಗೆ? ಮೊದಲು ಹೊಟ್ಟೆ ನೋಡಿ. ಬೆಳೆದ ಹೆಣ್ಣಿನ ಹೊಟ್ಟೆಯ ಪಕ್ಕದಲ್ಲಿ ಗುಲಾಬಿ, ಕೆಲವೊಮ್ಮೆ ನೇರಳೆ ಕಡೆಗೆ ತಿರುಗುವ ಬಣ್ಣ ಇರುತ್ತದೆ. ಮೊಟ್ಟೆ ಇಡುವ ಹೊತ್ತಿಗೆ ಅದು ಗಾಢವಾಗುತ್ತದೆ. ಆಮೇಲೆ ಮೈ ನಡುವಿನ ಕಪ್ಪು ಚುಕ್ಕೆ. ಹೆಣ್ಣಿನಲ್ಲಿ ಆ ಕಪ್ಪಿನ ಒಳಗೂ ನೀಲಿ ಮಿನುಗು ಹರಡಿರುತ್ತದೆ, ಗಂಡಿನಲ್ಲಿ ಸಾಮಾನ್ಯವಾಗಿ ಬರೀ ಕಪ್ಪು. ಬೆನ್ನಿನ ರೆಕ್ಕೆಯ ಮುಂದಿನ ಎರಡು ಮೂರು ಮುಳ್ಳು ಗಂಡಿನಲ್ಲಿ ಉದ್ದ ಎನ್ನುತ್ತಾರೆ. ನಿಜವೇ, ಆದರೆ ಫಾರ್ಮ್‌ನಲ್ಲಿ ಬೆಳೆದ ಮೀನುಗಳಲ್ಲಿ ಇದನ್ನೊಂದೇ ನಂಬಿದರೆ ಮೋಸ ಹೋಗುತ್ತೀರಿ. ನಾನು ಹೋದದ್ದೂ ಇದರಲ್ಲೇ. ಎಲೆಕ್ಟ್ರಿಕ್ ಬ್ಲೂ, ಗೋಲ್ಡ್ ತಳಿಗಳಲ್ಲಿ ಕಪ್ಪು ಚುಕ್ಕೆಯ ಗುರುತು ಸಿಗುವುದೇ ಇಲ್ಲ. ಮೂರು ಸೆಂಟಿಮೀಟರ್‌ಗಿಂತ ಸಣ್ಣ ಮರಿಯನ್ನು ತೋರಿಸಿ 'ಇದು ಗಂಡು ಸಾರ್' ಎನ್ನುವವರು ಊಹೆ ಹೇಳುತ್ತಿದ್ದಾರೆ ಅಷ್ಟೇ.

ನಾನು ಈಗ ಕಾಯುವುದು ಒಂದೇ ಗುರುತಿಗೆ. ಮೊಟ್ಟೆ ಇಡುವ ಹೊತ್ತಿಗೆ ಎರಡಕ್ಕೂ ಗುದದ ಹತ್ತಿರ ಸಣ್ಣ ಕೊಳವೆ ಹೊರಗೆ ಬರುತ್ತದೆ. ಹೆಣ್ಣಿನದು ದಪ್ಪ, ತುದಿ ಮೊಂಡು. ಗಂಡಿನದು ಸಪೂರ, ತುದಿ ಚೂಪು. ಫೋನಿನಲ್ಲಿ ಜೂಮ್ ಮಾಡಿದರೆ ಚೆನ್ನಾಗಿ ಕಾಣುತ್ತದೆ. ಬಣ್ಣ ಸುಳ್ಳು ಹೇಳಬಹುದು, ಇದು ಹೇಳುವುದು ಕಡಿಮೆ.

ಎರಡರಲ್ಲಿ ಒಂದು ಗಂಡು ಎಂದು ಖಚಿತವಾದರೆ ಅನುಮಾನ ನೀರಿನ ಮೇಲೆ. ರಾಮ್ ಮೀನಿನ ಊರು ವೆನೆಜುವೆಲಾ, ಕೊಲಂಬಿಯಾದ ಒರಿನೊಕೊ ನದಿಯ ಬಯಲು. ಅಲ್ಲಿನ ನೀರು ಮೆದು, ಸ್ವಲ್ಪ ಹುಳಿ, ಬೆಚ್ಚಗೆ. ನಮ್ಮ ಬೋರ್ ನೀರು ಬಕೆಟ್ಟಿಗೆ ಬಿಳಿ ಪೊರೆ ಕಟ್ಟಿಸುವಂಥದ್ದು. ಅದರಲ್ಲಿ ಮೀನು ಬದುಕುತ್ತದೆ, ಮೊಟ್ಟೆಯನ್ನೂ ಇಡುತ್ತದೆ, ಫಲ ಕಟ್ಟುವುದು ಕಷ್ಟ. ನಮ್ಮನೆ ಬೋರ್ ನೀರು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಮೀಟರಿನಲ್ಲಿ 650 ತೋರಿಸುತ್ತಿತ್ತು. ಆರ್‌ಒ (ಯಂತ್ರದಲ್ಲಿ ಸೋಸಿ ಲವಣ ತೆಗೆದ) ನೀರು ಬೆರೆಸಿ ಬೆರೆಸಿ 120ರ ಹತ್ತಿರ ತಂದೆ, ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಕಡಿಮೆ ಅಂದರೆ ಹುಳಿ) 6.5. ಒಂದೇ ದಿನ ಮಾಡಬೇಡಿ, ವಾರಕ್ಕೆರಡು ಸಲ ಸ್ವಲ್ಪ ಸ್ವಲ್ಪ ಬದಲಿಸುತ್ತಾ ಮೂರು ವಾರ ತೆಗೆದುಕೊಳ್ಳಿ. ಬರೀ ಆರ್‌ಒ ನೀರು ತುಂಬಿಸಿದರೆ ಪಿಎಚ್ ಒಮ್ಮೆಲೇ ಕುಸಿಯಬಹುದು. ಇನ್ನೊಂದು, ನಗಬೇಡಿ: ಆರ್‌ಒ ಯಂತ್ರದ ವೇಸ್ಟ್ ಪೈಪಿನ ನೀರು ಹಾಳಾಗುತ್ತದಲ್ಲಾ ಎಂದು ನಾನು ಒಂದು ಸಲ ಅದನ್ನೇ ಟ್ಯಾಂಕಿಗೆ ಸುರಿದಿದ್ದೆ. ಅದು ಬೋರ್ ನೀರಿಗಿಂತ ಗಡಸು!

ಬಾದಾಮಿ ಮರದ ಒಣಗಿ ಉದುರಿದ ಎಲೆ ಎರಡು ಮೂರು ಹಾಕಿ, ತೊಳೆದು. ನೀರು ತೆಳು ಚಹಾದ ಬಣ್ಣಕ್ಕೆ ಬಂದರೆ ಗಾಬರಿ ಬೇಡ. ಉಷ್ಣತೆ 28 ಡಿಗ್ರಿ ಇರಲಿ. ಡಿಸೆಂಬರಿನಲ್ಲಿ ಬೆಂಗಳೂರಿನವರಿಗೆ ಹೀಟರ್ ಬೇಕೇ ಬೇಕು.

ಈಗ ಮರಿಗಳ ವಿಷಯ, ನಿಜವಾದ ಕಷ್ಟ ಇರುವುದು ಇಲ್ಲಿ. ಮೊಟ್ಟೆ ಎರಡು ಮೂರು ದಿನಕ್ಕೆ ಒಡೆಯುತ್ತವೆ. ಮರಿಗಳು ಈಜಲು ಇನ್ನೂ ನಾಲ್ಕೈದು ದಿನ ಬೇಕು. ಅಲ್ಲಿಯವರೆಗೆ ಬಾಲ ಅಲ್ಲಾಡಿಸುತ್ತಾ ಒಂದೇ ಕಡೆ ಗುಂಪಾಗಿ ಬಿದ್ದಿರುತ್ತವೆ. ಅಪ್ಪ ಅಮ್ಮ ಅವನ್ನು ಬಾಯಲ್ಲಿ ಎತ್ತಿ ಒಂದು ಗುಂಡಿಯಿಂದ ಇನ್ನೊಂದಕ್ಕೆ ಸಾಗಿಸುತ್ತವೆ. ಅದನ್ನು ನೋಡಿ 'ಅಯ್ಯೋ ತಿಂದೇಬಿಟ್ಟಿತು' ಎಂದು ಬಲೆ ಹಾಕಬೇಡಿ. ನಿಜವಾಗಿಯೂ ತಿನ್ನುವುದೂ ಇದೆ, ಅದರಲ್ಲೂ ಮೊದಲ ಎರಡು ಮೂರು ಸಲ. ರಾತ್ರಿ ಕೋಣೆಯಲ್ಲಿ ಒಂದು ಝೀರೋ ಬಲ್ಬ್ ಉರಿಯಲಿ, ಪೂರ್ತಿ ಕತ್ತಲಾದರೆ ಅವುಗಳಿಗೆ ಮೊಟ್ಟೆ ಕಾಯುವುದು ಕಷ್ಟ.

ಈಜತೊಡಗಿದ ದಿನವೇ ಹೊಟ್ಟೆಗೆ ಬೀಳಬೇಕು. ಪುಡಿ ಮಾಡಿದ ಪೆಲೆಟ್ (ಅಂಗಡಿಯ ಮೀನಿನ ಕಾಳು) ನಡೆಯುವುದಿಲ್ಲ. ಕೋಳಿಮೊಟ್ಟೆಯ ಹಳದಿ ಹಾಕಿ ಎನ್ನುವವರ ಮಾತು ಕೇಳಬೇಡಿ, ನೀರು ಕೆಟ್ಟು ಮರಿ ಸಾಯುತ್ತವೆ. ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮೊಟ್ಟೆ ತಂದಿಟ್ಟುಕೊಳ್ಳಿ. ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ಅರ್ಧ ಚಮಚ ಆರ್ಟೀಮಿಯಾ, ತಲೆಕೆಳಗಾಗಿಸಿದ ಕೂಲ್‌ಡ್ರಿಂಕ್ ಬಾಟಲಿ, ಏರ್ ಪಂಪ್, ಮೇಲೊಂದು ಬಲ್ಬ್. ಒಂದು ದಿನ, ಚಳಿ ಇದ್ದರೆ ಒಂದೂವರೆ ದಿನದಲ್ಲಿ ಆರ್ಟೀಮಿಯಾ ಮೊಟ್ಟೆ ಒಡೆಯುತ್ತವೆ. ಪಂಪ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ಮೇಲೆ ತೇಲುತ್ತದೆ, ಕಿತ್ತಳೆ ಬಣ್ಣದ ಮರಿಗಳು ಕೆಳಗೆ ಸೇರುತ್ತವೆ. ಅವನ್ನು ಸಣ್ಣ ಪೈಪಿನಲ್ಲಿ ಎಳೆದು, ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು ಹಾಕಿ. ರಾಮ್ ಮರಿಗಳ ಬಾಯಿ ತೀರಾ ಸಣ್ಣದು. ಮೊದಲ ಒಂದೆರಡು ದಿನ ಕೆಲವಕ್ಕೆ ಆರ್ಟೀಮಿಯಾ ಕೂಡ ದೊಡ್ಡದಾಗುತ್ತದೆ, ಅದಕ್ಕೆ ಮೈಕ್ರೋವರ್ಮ್ ಎಂಬ ಸಪೂರ ಹುಳ ಇದ್ದರೆ ಒಳ್ಳೆಯದು. ತಿಂದ ಮರಿಯ ಹೊಟ್ಟೆ ಕಿತ್ತಳೆ ಚುಕ್ಕೆಯಂತೆ ಕಾಣುತ್ತದೆ. ಅದು ಕಂಡ ದಿನ ನಾನು ಆಫೀಸಿಗೆ ಲೇಟಾಗಿ ಹೋದೆ.

ಗಂಡು-ಹೆಣ್ಣಿನ ತಲೆನೋವೇ ಬೇಡ ಎನಿಸಿದರೆ ಅಪಿಸ್ಟೋಗ್ರಾಮ ಕಕಟೋಯಿಡಿಸ್ ಎಂಬ ಇನ್ನೊಂದು ಸಣ್ಣ ಮೀನು ಸಾಕಿ. ಗಂಡು ಎಂಟು ಸೆಂಟಿಮೀಟರ್, ಬೆನ್ನ ಮೇಲೆ ಕಾಕಟೂ ಗಿಳಿಯ ಜುಟ್ಟಿನಂಥ ರೆಕ್ಕೆ. ಹೆಣ್ಣು ಐದು ಸೆಂಟಿಮೀಟರ್, ಮೊಟ್ಟೆ ಕಾಯುವಾಗ ಅರಿಶಿನದ ಹಳದಿ. ಅರ್ಧ ತೆಂಗಿನ ಕರಟಕ್ಕೆ ಸಣ್ಣ ಬಾಗಿಲು ಮಾಡಿ ಬೋರಲು ಹಾಕಿದರೆ ಒಳಗೆ ಚಾವಣಿಗೆ ಮೊಟ್ಟೆ ಅಂಟಿಸುತ್ತದೆ. ಇಲ್ಲೂ ಒಂದು ತಮಾಷೆ ಇದೆ: ಬಲಿತ ಗಂಡಿನ ಎದುರು ಇರುವ ಸಣ್ಣ ಗಂಡುಗಳು ಹೆಣ್ಣಿನ ವೇಷದಲ್ಲೇ ಓಡಾಡಿಕೊಂಡಿರುತ್ತವೆ. ಮೊಟ್ಟೆ ಇಟ್ಟ ಮೇಲೆ ಹೆಣ್ಣು ಗಂಡನ್ನೇ ಓಡಿಸುತ್ತದೆ, ಎರಡಡಿ ಟ್ಯಾಂಕಿನಲ್ಲಿ ಅವನಿಗೆ ಅಡಗಲು ಗಿಡ ಜಾಸ್ತಿ ಇರಲಿ. ಮರಿಗಳಲ್ಲಿ ಗಂಡೆಷ್ಟು ಹೆಣ್ಣೆಷ್ಟು ಎನ್ನುವುದು ಎಳವೆಯಲ್ಲಿ ಸಿಕ್ಕ ಬಿಸಿಯ ಮೇಲೂ ನಿಂತಿದೆ. 1996ರಲ್ಲಿ ರೋಮರ್ ಮತ್ತು ಬೈಸೆನ್‌ಹೆರ್ಟ್ಸ್ ಎಂಬ ಸಂಶೋಧಕರು ಅಪಿಸ್ಟೋಗ್ರಾಮಗಳ 33 ಜಾತಿಗಳಲ್ಲಿ ಇದನ್ನು ತೋರಿಸಿದರು: ಬಿಸಿ ಹೆಚ್ಚಾದಷ್ಟೂ ಗಂಡು ಜಾಸ್ತಿ. ನನ್ನ ಏಪ್ರಿಲ್ ತಿಂಗಳ ಒಂದು ಬ್ಯಾಚು ಹುಡುಗರ ಹಾಸ್ಟೆಲ್ ಆಗಿಹೋಗಿತ್ತು.

ನಿಮ್ಮ ರಾಮ್‌ಗಳಿಗೆ ಬರೋಣ. ಎರಡೂ ಹೆಣ್ಣು ಎಂದಾದರೆ ಅಂಗಡಿಯಲ್ಲಿ ಮತ್ತೆ 'ಒಂದು ಗಂಡು ಕೊಡಿ' ಎಂದು ಕೇಳಬೇಡಿ. ಸಣ್ಣವು ನಾಲ್ಕು ತನ್ನಿ, ಬೆಳೆಯಲಿ, ತಾವೇ ಜೋಡಿ ಕಟ್ಟಿಕೊಳ್ಳಲಿ. ಆಮೇಲೆ ಉಳಿದವನ್ನು ಯಾರಿಗಾದರೂ ಕೊಟ್ಟುಬಿಡಿ, ಎರಡಡಿಯಲ್ಲಿ ಅಷ್ಟಕ್ಕೂ ಜಾಗ ಸಾಲದು. ನಾನು ಹಾಗೇ ಮಾಡಿದೆ. ತಂದ ನಾಲ್ಕರಲ್ಲಿ ಎರಡು ಗಂಡಾದವು. ಒಂದು ನನ್ನ ಹಳೆಯ ಎರಡು ಹೆಣ್ಣುಗಳ ಕಡೆ ತಿರುಗಿಯೂ ನೋಡದೆ ಜೊತೆಯಲ್ಲಿ ಬಂದ ಪುಟ್ಟ ಹೆಣ್ಣನ್ನೇ ಆರಿಸಿಕೊಂಡಿತು. ನನ್ನ ಮೊದಲ ಮರಿಗಳು ಅವುಗಳವೇ.

ಅದಕ್ಕೂ ಮೊದಲು, ಮುಂದಿನ ಸಲ ಅವು ಕಲ್ಲು ಉಜ್ಜತೊಡಗಿದಾಗ ಫೋನ್ ಹಿಡಿದು ವಿಡಿಯೋ ಮಾಡಿ. ಎರಡನೆಯ ಮೀನು ಹಾದುಹೋದ ಮೇಲೆ ಮೊಟ್ಟೆ ಹೆಚ್ಚಾಯಿತಾ ಎಣಿಸಿ ನೋಡಿ. ಟಿಡಿಎಸ್ ಎಷ್ಟಿದೆ ಎಂಬುದನ್ನೂ ಜೊತೆಗೆ ಬರೆಯಿರಿ, ನೋಡಿ ಹೇಳುತ್ತೇನೆ.