ಇಥಿಯೋಪಿಯಾದ ಹುಡುಗರನ್ನು ಮಾತಾಡಿಸುವುದು ಹೇಗೆ?
ಬೆಂಗಳೂರಿನ ನಿಮ್ಮ ಚರ್ಚಿಗೆ ಬರುವ ಇಥಿಯೋಪಿಯಾ ವಿದ್ಯಾರ್ಥಿಗಳ ಜೊತೆ ಮಾತು ಹೇಗೆ ಶುರು ಮಾಡಲಿ ಅಂತ ಕೇಳಿದ್ದೀರಿ. ಆರಾಧನೆ ಮುಗಿದ ಮೇಲೆ ಪಕ್ಕ ಕೂತು ಊರು, ಮನೆಯವರ ಬಗ್ಗೆ ಕೇಳಿ, ಸಾಕು. ಕಾಫಿ ವಿಷಯ ತೆಗೆದರಂತೂ ಮಾತು ತಾನಾಗಿ ಬರುತ್ತದೆ. ಅಲ್ಲಿ ಅತಿಥಿಗಳ ಎದುರೇ ಬೀಜ ಹುರಿದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಕೊಡುತ್ತಾರೆ.

ಮೊದಲ ದಿನವೇ "ರಕ್ಷಣೆ ಹೊಂದಿದ್ದೀರಾ", ಅಂದರೆ ಯೇಸುವನ್ನು ನಂಬಿ ಪಾಪದಿಂದ ಬಿಡುಗಡೆ ಪಡೆದಿದ್ದೀರಾ ಅಂತ ಕೇಳಬೇಡಿ. 4ನೇ ಶತಮಾನದಿಂದ ಕ್ರೈಸ್ತ ನಂಬಿಕೆ ಇರುವ ನಾಡು ಅದು, ಅಲ್ವಾ? ಊಟಕ್ಕೆ ಕರೆಯುವ ಮುಂಚೆ ಉಪವಾಸ ಇದೆಯಾ ಅಂತ ಕೇಳಿಕೊಳ್ಳಿ. ಅಲ್ಲಿನ ಹಳೆಯ ಆರ್ಥೊಡಾಕ್ಸ್ ಚರ್ಚಿನವರಾದರೆ ಬುಧವಾರ, ಶುಕ್ರವಾರ ಮಾಂಸ, ಮೊಟ್ಟೆ, ಹಾಲು ಮುಟ್ಟುವುದಿಲ್ಲ. ಅನ್ನ-ಸಾರು ಆಗುತ್ತದೆ, ತುಪ್ಪ ಹಾಕಬೇಡಿ. ಅವರ ಕ್ರಿಸ್ಮಸ್ ಸಾಮಾನ್ಯವಾಗಿ ಜನವರಿ 7ಕ್ಕೆ. ಇಲ್ಲಿ ರಜೆ ಇರುವುದಿಲ್ಲ, ಸಂಜೆಯಾದರೂ ಮನೆಗೆ ಕರೆಯಿರಿ.