ಟ್ರಯಲ್ಸ್: ಮೇಲಿನ ಕ್ಲಾಸ್‌ಗೆ ಯಾವಾಗ?

ಪ್ರಶ್ನೆ: ಮೋಟಾರ್‌ಸೈಕಲ್ ಟ್ರಯಲ್ಸ್‌ನಲ್ಲಿ ನನ್ನ ಕ್ಲಾಸ್‌ನಲ್ಲಿ ಆಗಾಗ ಗೆಲ್ಲುತ್ತಿದ್ದೇನೆ. ಮೇಲಿನ ಕ್ಲಾಸ್‌ಗೆ ಹೋಗಬಹುದೇ?

ಉತ್ತರ: ಟ್ರೋಫಿ ಬಿಡಿ, ಸ್ಕೋರ್ ಕಾರ್ಡ್ ನೋಡಿ. ಸೆಕ್ಷನ್‌ನಲ್ಲಿ, ಅಂದರೆ ಬಂಡೆ, ಬೇರುಗಳಿರುವ ಗುರುತು ಮಾಡಿದ ದಾರಿಯ ತುಣುಕಿನಲ್ಲಿ, ಕಾಲು ಒಮ್ಮೆ ಊರಿದರೆ ದಂಡದ ಅಂಕ 1, ಎರಡು ಸಲಕ್ಕೆ 2, ಅದಕ್ಕೂ ಹೆಚ್ಚಾದರೆ 3, ಸೆಕ್ಷನ್ ದಾಟಲಾಗದಿದ್ದರೆ 5. ಬಹುಪಾಲು ಸೆಕ್ಷನ್‌ಗಳು ಸೊನ್ನೆಯಲ್ಲೇ ಮುಗಿದು, 5 ಅಪರೂಪವಾಗಿದ್ದರೆ ಧೈರ್ಯ ಮಾಡಿ. ಆ 5 ಎಲ್ಲಿ ಬಿತ್ತು ಎನ್ನುವುದೇ ಮುಖ್ಯ. ಒದ್ದೆ ಬೇರಿನ ಮೇಲೆ ಹಿಂದಿನ ಚಕ್ರ ಗಿರ್ರನೆ ತಿರುಗಿ ಜಾರಿತೇ? ಅಲ್ಲೇ ಆಕ್ಸಿಲರೇಟರ್ ತಿರುವಿರುತ್ತೀರಿ, ಇಲ್ಲವೇ ಕ್ಲಚ್ ಒಮ್ಮೆಲೇ ಬಿಟ್ಟಿರುತ್ತೀರಿ. ಈ ಚಾಳಿ ಎತ್ತರದ ಬಂಡೆಯ ಮೇಲೆ ನಿಮ್ಮನ್ನು ಹಿಂದಕ್ಕೆ ಕೆಡವುತ್ತದೆ. ಮೊದಲು ಅದನ್ನು ತಿದ್ದಿಕೊಳ್ಳಿ.

ಮುಂದಿನ ಸ್ಪರ್ಧೆಯಲ್ಲಿ ಮೇಲಿನ ಕ್ಲಾಸ್‌ನ ದಾರಿಯನ್ನು ನಡೆದು ನೋಡಿ. ಎದೆ ಝಲ್ಲೆನಿಸುವ ಜಾಗ ಒಂದೆರಡಿದ್ದರೆ ಪರವಾಗಿಲ್ಲ. ಅರ್ಧದಷ್ಟಿದ್ದರೆ ಈ ಸೀಸನ್ ಇಲ್ಲೇ ಇರಿ.